ರಾಹುಕಾಲ ನೋಡುವ ಅಣ್ಣ

ನಮ್ಮ ಇಡೀ ಕುಟುಂಬದಲ್ಲಿ ಈಗಲೂ ತಪ್ಪದೆ ಪಂಚಾಂಗ ನೋಡುವವನು ಒಬ್ಬನೇ, ದೇವರನ್ನು ನಂಬದ ನನ್ನ ಅಣ್ಣ. ಇವತ್ತು ರಾಹುಕಾಲ ಎಷ್ಟು ಹೊತ್ತಿಗೆ, ಅಮಾವಾಸ್ಯೆ ಯಾವತ್ತು, ಯಾವ ತಿಂಗಳಲ್ಲಿ ಶುಭಕಾರ್ಯ ಇಲ್ಲ, ಎಲ್ಲವೂ ಅವನಿಗೆ ಬಾಯಿಪಾಠ. ಯಾಕೆಂದರೆ ಅವನ ಕೆಲಸಗಳೆಲ್ಲ ಶುರುವಾಗಬೇಕಾದದ್ದು ಅಂಥ ಹೊತ್ತಿನಲ್ಲೇ. ಸ್ಕೂಟರ್ ಮನೆಗೆ ತಂದದ್ದು ಅಮಾವಾಸ್ಯೆಯಂದು. ಕಾರ್ಕಳದಲ್ಲಿ ಹೊಸ ಮನೆಗೆ ಒಕ್ಕಲಾದ ದಿನ ನಾವೆಲ್ಲ ಸಾಮಾನು ಹೊತ್ತುಕೊಂಡು ಬಿಸಿಲಿನಲ್ಲಿ ಅಂಗಳದಲ್ಲಿ ನಿಂತಿದ್ದೆವು. ಅವನು ಬಾಗಿಲಿಗೆ ಅಡ್ಡವಾಗಿ ನಿಂತು ವಾಚು ನೋಡುತ್ತಿದ್ದ. ರಾಹುಕಾಲ ಇನ್ನೂ ಶುರುವಾಗಿರಲಿಲ್ಲ. ನನ್ನ ಕೈಯಲ್ಲಿ ಗ್ಯಾಸಿನ ಒಲೆ ಇತ್ತು, ತೋಳು ಬಿದ್ದುಹೋಗುವಂತಾಗಿತ್ತು.

"ಅಣ್ಣ, ನಿನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಅಲ್ವಾ? ಹಾಗಾದರೆ ಈಗಲೇ ಒಳಗೆ ಹೋದರೆ ಎಂತ ಆಗುತ್ತದೆ?" ಎಂದು ಕೇಳಿದೆ.

"ಈಗ ಹೋದರೆ ಒಳ್ಳೆಯ ಗಳಿಗೆ ನೋಡಿ ಹೋದ ಹಾಗೆ ಆಗುತ್ತದೆ ಮಾರಾಯ್ತಿ. ನೋಡಿದವರು ಎಂತ ತಿಳಿಯುತ್ತಾರೆ?" ಎಂದ.

ನೋಡುವವರು ಅಂದರೆ ಪಕ್ಕದ ಮನೆಯ ನಾಯಿ ಒಂದು, ಮತ್ತೆ ನಾವು. ಆದರೆ ಅಣ್ಣನ ಹತ್ತಿರ ಅದನ್ನು ಹೇಳುವ ಧೈರ್ಯ ಯಾರಿಗುಂಟು? ಮನೆಯಲ್ಲಿ ನಮ್ಮದು ತುಳು. ಚರ್ಚೆ ಶುರುವಾಯಿತೆಂದರೆ ಮಾತ್ರ ಅವನು ಕನ್ನಡಕ್ಕೆ ಇಳಿಯುತ್ತಾನೆ, ಅದೂ ವೇದಿಕೆಯ ಕನ್ನಡ. ನನ್ನ ಅಡಿಗೆಕೋಣೆಯಲ್ಲಿ ನಿಂತು, ಕೈಯಲ್ಲಿ ಚಹಾದ ಲೋಟ ಹಿಡಿದು, "ಸಾಮಾಜಿಕ ಹೊಣೆಗಾರಿಕೆಯ ದೃಷ್ಟಿಯಿಂದ ನೋಡುವುದಾದರೆ" ಎಂದು ಸುರುಮಾಡಿದರೆ ಚಹಾ ಆರಿ ಕೆನೆ ಕಟ್ಟುವವರೆಗೆ ನಿಲ್ಲುವುದಿಲ್ಲ. ನನಗೆ ಮಂಡೆ ಬಿಸಿಯಾಗುತ್ತದೆ.

ನಾನೂ ದೊಡ್ಡ ಭಕ್ತೆಯೇನಲ್ಲ. ಉಡುಪಿಯ ಬನ್ನಂಜೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಉಂಟು, ಮದುವೆಯ ರವಿಕೆಗಳ ಕೆಲಸವೇ ಹೆಚ್ಚು. ಗಂಡ ತೀರಿಹೋಗಿ ಬಹಳ ವರ್ಷವಾಯಿತು. ಒಬ್ಬಳೇ ಮಗಳು, ಮಣಿಪಾಲದಲ್ಲಿ ಫಿಸಿಯೋಥೆರಪಿ ಕೆಲಸ ಮಾಡುತ್ತಾಳೆ. ಸಂಜೆಯಾದರೆ ದೀಪ ಹಚ್ಚುತ್ತೇನೆ, ಹಚ್ಚದಿದ್ದರೆ ಮನೆ ಖಾಲಿ ಕಾಣುತ್ತದೆ ಎಂದು. ಅದಕ್ಕಿಂತ ಹೆಚ್ಚಿನ ವ್ಯವಹಾರ ದೇವರಿಗೂ ನನಗೂ ಇಲ್ಲ. ಹಾಗಾಗಿ ಅಣ್ಣನನ್ನು ಬೈಯುತ್ತಿರುವುದು ಅವನು ದೇವರನ್ನು ನಂಬುವುದಿಲ್ಲವೆಂದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅವನು ಮೊದಲು ಹೀಗಿರಲಿಲ್ಲ. ಅದೇ ನನಗೆ ಸಂಕಟ.

ನಾವು ಕಾಪುವಿನವರು, ಅಪ್ಪನದು ಮೀನಿನ ವ್ಯಾಪಾರ. ಅಣ್ಣ ನಮ್ಮಲ್ಲಿ ಮೊದಲು ಕಾಲೇಜಿಗೆ ಹೋದವನು, ಆಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರಾದ. ಅವನು ಇನ್ನೂ ಓದುತ್ತಿದ್ದಾಗ ಅಮ್ಮನಿಗೆ ಮೈ ಊದಿಕೊಳ್ಳುವ ಕಾಯಿಲೆ ಬಂತು. ಯಾರೋ ಒಬ್ಬ ಮಂತ್ರವಾದಿಯನ್ನು ಕರೆತಂದರು. ಅವನು ನಿಂಬೆಹಣ್ಣು ಕತ್ತರಿಸಿದ, ಒಳಗಿನಿಂದ ಕೆಂಪು ರಸ ಇಳಿಯಿತು. ಮಾಟ ಮಾಡಿದ್ದಾರೆ ಎಂದ. ಅಮ್ಮ ಮೂಲೆ ಹಿಡಿದಳು, ಅನ್ನ ಬಿಟ್ಟಳು. ಅಣ್ಣ ಅವಳಿಗೆ ಭಾಷಣ ಮಾಡಲಿಲ್ಲ. ಹಿತ್ತಿಲಿನಿಂದ ಕೆಂಪು ದಾಸವಾಳ ಕೊಯ್ದು ತಂದು, ಮೀನು ಕೊಯ್ಯುವ ಕತ್ತಿಗೆ ಚೆನ್ನಾಗಿ ಉಜ್ಜಿ, ಒಣಗಿಸಿ, ಅಮ್ಮನ ಎದುರು ಕುಕ್ಕರಗಾಲಲ್ಲಿ ಕೂತು ನಿಂಬೆಹಣ್ಣು ಕತ್ತರಿಸಿದ. ಅದೇ ಕೆಂಪು! "ನೀನೂ ಒಂದು ಕತ್ತರಿಸು ಅಮ್ಮ" ಎಂದು ಕತ್ತಿ ಅವಳ ಕೈಗೆ ಕೊಟ್ಟ. ಅಮ್ಮ ಕತ್ತರಿಸಿದಳು, ಮತ್ತೊಂದು ಕತ್ತರಿಸಿದಳು, "ಆ ಹಾಳಾದವ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅವನು ಮೆಲ್ಲಗೆ, "ನಾಳೆ ಡಾಕ್ಟರರ ಹತ್ತಿರ ಹೋಗುವನಾ?" ಎಂದು ಕೇಳಿದ. ಅಮ್ಮ ಗುಣವಾದದ್ದು ಉಡುಪಿಯ ಡಾಕ್ಟರರ ಮಾತ್ರೆಯಿಂದ.

ನನ್ನ ಗಂಡ ಸತ್ತಾಗ ಹೆಂಗಸರು ನನ್ನ ಬಳೆ ಒಡೆಯಲು ಬಂದರು. ಅಣ್ಣ ಕೋಣೆಯ ಬಾಗಿಲಲ್ಲಿ ನಿಂತ. "ಅವಳನ್ನು ಕೇಳಿದ್ದೀರಾ? ಅವಳಿಗೆ ಬೇಡವೆಂದರೆ ಅವಳೇ ತೆಗೆಯುತ್ತಾಳೆ" ಎಂದ, ಅಷ್ಟೇ. ಯಾರೂ ಒಳಗೆ ಬರಲಿಲ್ಲ. ಮರುವಾರ ರಥಬೀದಿಯಿಂದ ಹಸಿರು ಗಾಜಿನ ಬಳೆ ತಂದು ಮೇಜಿನ ಮೇಲೆ ಇಟ್ಟುಹೋದ, ಹಾಕಿಕೋ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಾನು ಹಾಕಿಕೊಂಡೆ. ಅಂಥ ಅಣ್ಣ ನನಗಿದ್ದ. ಆಗ ಅವನ ಬಾಯಲ್ಲಿ ಇದ್ದದ್ದೆಲ್ಲ ಪ್ರಶ್ನೆ. ಎಂತಕ್ಕೆ? ಹೇಗೆ? ಮಾಡಿ ನೋಡುವನಾ?

ನಿವೃತ್ತಿಯಾದ ಮೇಲೆ ಉಡುಪಿಯ ವಿಚಾರವಾದಿಗಳ ಬಳಗವೊಂದಕ್ಕೆ ಸೇರಿದ. ಭಾನುವಾರ ಒಂದು ಮಾಳಿಗೆಯ ಮೇಲೆ ಅವರ ಸಭೆ. ಒಳ್ಳೆಯ ಜನವೇ, ಓದಿದವರು. ಆದರೆ ಅಲ್ಲಿಗೆ ಹೋಗಲು ಸುರುಮಾಡಿದ ಮೇಲೆ ಅಣ್ಣನಿಗೆ ಒಂದು ತರಹದ ಮಡಿ ಬಂತು. ಉಡುಪಿಯಲ್ಲಿ ಮಡಿ ಎಂದರೆ ಎಂತ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಮ್ಮಂಥವರನ್ನು ಜಗಲಿಯ ಹೊರಗೆ ನಿಲ್ಲಿಸಿ ಎತ್ತರದಿಂದ ನೀರು ಹೊಯ್ಯುತ್ತಿದ್ದ ಕಾಲವನ್ನು ನಮ್ಮ ಅಜ್ಜಿ ಕಂಡವಳು. ಅಂಥ ಮಡಿಯನ್ನು ಬೈದುಕೊಂಡೇ ಬೆಳೆದವನು, ಈಗ ಯಾರ ಮನೆಯಿಂದ ಪಾಯಸ ಬಂದರೂ, "ಇದು ಎಲ್ಲಿಂದ ಬಂದದ್ದು? ನೈವೇದ್ಯ ಆದದ್ದಾ?" ಎಂದು ವಿಚಾರಿಸದೆ ಚಮಚ ಮುಟ್ಟುವುದಿಲ್ಲ. ಒಮ್ಮೆ ನಾನು ಬೆರಳಿಗೆ ಸೂಜಿ ಚುಚ್ಚಿಸಿಕೊಂಡು "ಅಯ್ಯೋ ದೇವರೇ" ಎಂದದ್ದಕ್ಕೆ, "ಆ ಪದ ಬೇಡ" ಎಂದ. ರಕ್ತ ಒರಸಿಕೊಳ್ಳಲೋ, ಬೇರೆ ಪದ ಹುಡುಕಲೋ! ಅವರ ಬಳಗದ ಒಬ್ಬರು ತಂಗಿಯ ಮಗನ ಉಪನಯನದ ಊಟಕ್ಕೆ ಹೋದರಂತೆ. ಫೋಟೋ ವಾಟ್ಸ್ಯಾಪಿನಲ್ಲಿ ಓಡಾಡಿತು. ಆ ಪುಣ್ಯಾತ್ಮ ಮುಂದಿನ ಸಭೆಯಲ್ಲಿ ಎದ್ದು ನಿಂತು ವಿವರಣೆ ಕೊಡಬೇಕಾಯಿತು. "ಪ್ರಾಯಶ್ಚಿತ್ತಕ್ಕೆ ಪಂಚಗವ್ಯ ಕುಡಿಸಲಿಲ್ವಾ?" ಎಂದು ಕೇಳಿದೆ. ಅಣ್ಣ ಒಂದು ವಾರ ನನ್ನ ಫೋನ್ ಎತ್ತಲಿಲ್ಲ.

ನನ್ನ ಅಂಗಡಿಯಲ್ಲಿ ಗುಂಡಿ, ಹುಕ್ಕು ಹಾಕುವ ಹೆಂಗಸು ಬಾಗಲಕೋಟೆ ಕಡೆಯವಳು. ಅಣ್ಣನ ಒಂದು ಭಾಷಣ ಪೂರ್ತಿ ಕೇಳಿಸಿಕೊಂಡು, ಅವನು ಹೋದ ಮೇಲೆ, "ಅಕ್ಕಾರ, ನಿಮ್ಮಣ್ಣಾರು ನಮ್ಮೂರ ಸ್ವಾಮ್ಯಾರಕಿಂತ ಬಿಗಿ ಅದಾರ ನೋಡ್ರಿ" ಎಂದಳು. ನಾನು ನಕ್ಕೆ, ಬೇಸರವೂ ಆಯಿತು.

ಇಷ್ಟೇ ಆಗಿದ್ದರೆ ನಕ್ಕುಬಿಡಬಹುದಿತ್ತು. ಮಗಳ ಮದುವೆ ನಿಶ್ಚಯವಾಯಿತು.

ಹುಡುಗ ಇನ್ನಂಜೆಯವನು, ಹಡಗಿನಲ್ಲಿ ಕೆಲಸ. ಅವರಿಬ್ಬರೂ ತಾವೇ ನೋಡಿ ಮೆಚ್ಚಿಕೊಂಡದ್ದು. ಮಗಳಿಗೆ ಪೂಜೆ, ಜಾತಕ ಯಾವುದರಲ್ಲೂ ಆಸಕ್ತಿಯಿಲ್ಲ. ಅವಳು ಬೆಳೆದದ್ದೇ ಮಾಮನ ಕೈಹಿಡಿದು. ಶಾಲೆಗೆ ರಜೆ ಸಿಕ್ಕಿದರೆ ಕಾರ್ಕಳದ ಬಸ್ಸು ಹತ್ತುತ್ತಿದ್ದಳು, ಮಾಮನ ಜೊತೆ ಬಂಡೆಯ ಮೇಲೆ ಮಲಗಿ ನಕ್ಷತ್ರದ ಹೆಸರು ಕಲಿಯುತ್ತಿದ್ದಳು. ಅವಳು ಕೇಳಿದ್ದು ಒಂದೇ ಒಂದು: ಧಾರೆ ಎರೆಯಲು ಮಾಮ ಬೇಕು.

ನಮ್ಮ ಮದುವೆಯಲ್ಲಿ ಭಟ್ಟರು ಇರಲೇಬೇಕೆಂದಿಲ್ಲ. ನಮ್ಮ ಕೂಟದ ಹಿರಿಯರು, ಗುರಿಕಾರರು ಎನ್ನುತ್ತೇವೆ, ಅವರು ನಿಂತು ನಡೆಸುತ್ತಾರೆ. ಹುಡುಗ ಹುಡುಗಿಯ ಕೈ ಕೂಡಿಸಿ ಮೇಲಿನಿಂದ ಗಿಂಡಿಯ ನೀರು ಎರೆದರೆ ಮದುವೆ ಆಯಿತು. ಆ ಗಿಂಡಿಗೆ ಮೊದಲು ಕೈ ಹಚ್ಚಬೇಕಾದವನು ಸೋದರಮಾವ. ಅಪ್ಪ ಇಲ್ಲದ ಹುಡುಗಿಗೆ ಆ ಒಂದು ಕೈ ಎಷ್ಟು ದೊಡ್ಡದು ಎಂದು ಬೇರೆ ಹೇಳಬೇಕಾ?

ಅಣ್ಣ ಮೊದಲು ಒಪ್ಪಲಿಲ್ಲ. ಕನ್ಯಾದಾನವೆಂದರೆ ಹೆಣ್ಣನ್ನು ವಸ್ತುವಿನ ಹಾಗೆ ದಾನ ಕೊಡುವ ಪದ್ಧತಿ ಎಂದು ಕನ್ನಡದಲ್ಲಿ ಸುರುಮಾಡಿದ.

"ಯಾರು ಯಾರಿಗೆ ದಾನ ಕೊಡುವುದು?" ಎಂದೆ ನಾನು. "ನಮ್ಮ ಅಜ್ಜಿ ಮದುವೆಯಾದ ಮೇಲೂ ಅವಳ ತಾಯಿಮನೆಯಲ್ಲೇ ಇದ್ದದ್ದು. ಬಂದು ಹೋಗುತ್ತಿದ್ದದ್ದು ಅಜ್ಜ. ನೀನು ಪುಸ್ತಕದಲ್ಲಿ ಓದಿದ್ದು ಬೇರೆಯವರ ಮದುವೆ ಮಾರಾಯ, ನಮ್ಮದಲ್ಲ."

ನನ್ನ ಮಾತು ಅವನು ಎಲ್ಲಿ ಕೇಳುತ್ತಾನೆ? ಮಗಳು ರಜೆ ಹಾಕಿ ಕಾರ್ಕಳಕ್ಕೆ ಹೋದಳು. "ಮಾಮ, ತೆಂಗಿನಕಾಯಿ ಇಡುವುದಿಲ್ಲ, ಹಿಂಗಾರದ ಹೂ ಇಡುವುದಿಲ್ಲ, ಮಂತ್ರ ಇಲ್ಲ. ಕಾಗದದಲ್ಲಿ ಮುಹೂರ್ತ ಅಂತ ಹಾಕಿಸುವುದಿಲ್ಲ, ಗಂಟೆ ಮಾತ್ರ. ನೀರು ಒಂದೇ. ನೀರಿಗೆ ಧರ್ಮ ಇಲ್ಲ ಅಂತ ನೀವೇ ಹೇಳಿದ್ದಲ್ವಾ?" ಎಂದಳಂತೆ. ಅವನು ಗಟ್ಟಿಯಾಗಿ ನಕ್ಕು, "ಆಯ್ತು, ಎರೆಯುತ್ತೇನೆ" ಎಂದನಂತೆ. ಮಗಳು ಬಸ್ಸಿನಿಂದಲೇ ನನಗೆ ಫೋನ್ ಮಾಡಿದಳು. ಅವಳ ಸ್ವರ ಕೇಳಿ ನನಗೆ ಕತ್ತರಿ ಹಿಡಿಯಲು ಕೈ ಬರಲಿಲ್ಲ, ಅಷ್ಟು ಖುಷಿ. ಇನ್ನಂಜೆಯವರೂ ಎಲ್ಲದಕ್ಕೂ ಹೂಂ ಎಂದರು. "ನಮಗೆ ಧಾರೆ ಒಂದು ಆಗಬೇಕು. ಮತ್ತೆಲ್ಲ ಮಕ್ಕಳ ಖುಷಿ" ಎಂದರು ಹುಡುಗನ ತಾಯಿ.

ಆ ಖುಷಿ ಉಳಿದದ್ದು ಅಣ್ಣ ಕರೆಯೋಲೆಯನ್ನು ಬಳಗದ ಗ್ರೂಪಿಗೆ ಹಾಕುವವರೆಗೆ. ಒಂದು ಮಧ್ಯಾಹ್ನ ಅಂಗಡಿಗೆ ಬಂದ. ಚೀಲದಿಂದ ಕ್ಯಾಲೆಂಡರ್ ತೆಗೆದು ನಾನು ಕತ್ತರಿಸುತ್ತಿದ್ದ ರೇಷ್ಮೆಯ ಮೇಲೆಯೇ ಹರಡಿದ.

"ಆ ಭಾನುವಾರ ಎಂತ ಉಂಟು ಗೊತ್ತುಂಟಾ ನಿನಗೆ?"

"ನನ್ನ ಮಗಳ ಮದುವೆ ಉಂಟು."

"ಶುಭಮುಹೂರ್ತ ಉಂಟು! ಹನ್ನೊಂದೂವರೆಗೆ, ಕಾಗದದಲ್ಲಿ ಹಾಕಿದ ಗಂಟೆಗೇ. ಊರಿಡೀ ಮದುವೆ ಆ ದಿನ. ನಮ್ಮವರು ಗ್ರೂಪಿನಲ್ಲಿ ಕೇಳುತ್ತಿದ್ದಾರೆ, ಗುಟ್ಟಿನಲ್ಲಿ ಗಳಿಗೆ ನೋಡಿಸಿದ್ದಾ ಅಂತ."

ಆ ದಿನ ಆರಿಸಿದ್ದು ಹುಡುಗ ಹಡಗಿನಿಂದ ಇಳಿಯುವ ದಿನ ನೋಡಿ, ಕಾಪುವಿನ ಮದುವೆ ಹಾಲು ಖಾಲಿ ಇದ್ದದ್ದು ನೋಡಿ, ಗಂಟೆ ಇಟ್ಟದ್ದು ಊಟದ ಹೊತ್ತು ನೋಡಿ. ಪಂಚಾಂಗವನ್ನು ನಾವು ತೆರೆದೇ ಇರಲಿಲ್ಲ. ತೆರೆದವನು ಇವನು!

"ಹಾಗಾದರೆ ಈಗ ಎಂತ ಮಾಡಬೇಕು?"

"ಸರಳ. ಭಾನುವಾರ ರಾಹುಕಾಲ ಸಂಜೆ ನಾಲ್ಕೂವರೆಯಿಂದ ಆರರವರೆಗೆ. ಆ ಹೊತ್ತಿಗೆ ಧಾರೆ ಇಟ್ಟುಕೊಳ್ಳಿ. ಒಂದು ಸಂದೇಶ ಹೋಗುತ್ತದೆ."

ನನಗೆ ಎಲ್ಲಿಂದ ಸಿಟ್ಟು ಬಂತೋ. "ಸಂದೇಶ ಪೋಸ್ಟಿನಲ್ಲಿ ಕಳಿಸು! ಅಷ್ಟು ಜನ ಸಂಜೆಯವರೆಗೆ ಊಟ ಇಲ್ಲದೆ ಕೂರಬೇಕಾ? ಹಾಲು ಮೂರು ಗಂಟೆಗೆ ಬಿಡಬೇಕು, ಸಂಜೆ ಬೇರೆಯವರ ರಿಸೆಪ್ಶನ್ ಉಂಟು. ನಿನಗೆ ತಲೆ ಸರಿ ಉಂಟಾ?"

"ನೀನು ಭಾವನೆಯಿಂದ ಮಾತಾಡುತ್ತಾ ಇದ್ದಿ."

"ಹೌದು, ಭಾವನೆಯಿಂದಲೇ. ಮಗಳ ಮದುವೆಯನ್ನು ಲೆಕ್ಕದ ಕ್ಲಾಸು ಅಂತ ತಿಳಿದಿದ್ದೀಯಾ?"

ಅವನು ಕ್ಯಾಲೆಂಡರ್ ಮಡಚಿಕೊಂಡು ಹೋದ. ಆಮೇಲೆ ಮಗಳು ಫೋನ್ ಮಾಡಿದಳು, ಹುಡುಗನೂ ಮಾಡಿದ. ದಿನ ಯಾಕೆ ಹಾಗೆ ಬಂತು ಎಂದು ಸಮಾಧಾನದಿಂದ ವಿವರಿಸಿದರು. "ಕಾರಣ ನನಗೆ ಗೊತ್ತುಂಟು ಮಗಾ. ನೋಡುವವರಿಗೆ ಗೊತ್ತಿಲ್ಲವಲ್ಲ" ಎಂಬುದೇ ಅವನ ಉತ್ತರ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿ ಹಾಕಲು ಬರುತ್ತೇನೆ, ಧಾರೆಗೆ ಮಾತ್ರ ಆ ಗಳಿಗೆಯಲ್ಲಿ ಕೈ ಹಚ್ಚುವುದಿಲ್ಲ ಎಂದ. ಗಳಿಗೆಯಲ್ಲಿ ಎಂತದೂ ಇಲ್ಲ ಎಂದು ಜೀವಮಾನವಿಡೀ ಪಾಠ ಮಾಡಿದವನು, ಆ ಗಳಿಗೆಗೆ ಹೆದರಿ ಕೂತ. ಯಾರಿಗಾದರೂ ಹೇಳಿದರೆ ಕುಶಾಲು ಎಂದುಕೊಂಡಾರು.

ಮಗಳು ಮಾತ್ರ ನಂಬಿಕೆ ಬಿಡಲಿಲ್ಲ. ನಾನು ಬೈಯಲು ಬಾಯಿ ತೆರೆದಾಗಲೆಲ್ಲ, "ಸುಮ್ಮನಿರಮ್ಮ. ಮಾಮ ಹಾಲಿಗೆ ಬರುತ್ತಾರಲ್ಲ? ನಾನು ಅಲ್ಲಿ ನಿಂತದ್ದು ನೋಡಿದರೆ ಎದ್ದು ಬರುತ್ತಾರೆ. ನನಗೆ ಮಾಮ ಗೊತ್ತು" ಎನ್ನುತ್ತಿದ್ದಳು.

ಮದುವೆಯ ದಿನ ಬಂದ. ಹಾಲಿನ ಕೊನೆಯ ಸಾಲಿನಲ್ಲಿ, ಬಳಗದ ಇಬ್ಬರು ಗೆಳೆಯರ ನಡುವೆ ಕೂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಡಿಲಲ್ಲಿ ಮಗಳಿಗೆಂದು ತಂದ ಪುಸ್ತಕದ ಕಟ್ಟು. ನಾನು ವೇದಿಕೆಯ ಮೇಲಿನಿಂದ ಅವನನ್ನು ಕಂಡು, ಅಬ್ಬ, ಬಂದನಲ್ಲ ಎಂದುಕೊಂಡೆ. ಹುಡುಗ ಹುಡುಗಿಯ ಕೈ ಕೂಡಿಸಿದರು. ಗುರಿಕಾರರು ಗಿಂಡಿ ಎತ್ತಿ, "ಹೆಣ್ಣಿನ ಸೋದರಮಾವ ಬನ್ನಿ" ಎಂದು ಕರೆದರು. ಮಗಳು ತಲೆ ಎತ್ತಿ ಕೊನೆಯ ಸಾಲಿನ ಕಡೆ ನೋಡಿದಳು. ಅವನು ವಾಚು ನೋಡಿಕೊಂಡ. ಗುರಿಕಾರರು ಇನ್ನೊಮ್ಮೆ ಕರೆದರು. ಹಾಲಿನವರೆಲ್ಲ ತಿರುಗಿ ನೋಡಿದರು.

ನಾನು ವೇದಿಕೆಯಿಂದ ಇಳಿದು ಹೋದೆ. ಉಟ್ಟ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು.

"ಅಣ್ಣ, ಏಳು. ಹುಡುಗಿ ಕಾಯುತ್ತಾ ಇದ್ದಾಳೆ."

"ಇದು ತತ್ವದ ಪ್ರಶ್ನೆ" ಎಂದ, ಮೆಲ್ಲಗೆ.

"ಒಂದು ಗಿಂಡಿ ನೀರು ಅಣ್ಣ. ಆಮೇಲೆ ನನ್ನನ್ನು ಎಷ್ಟು ಬೇಕಾದರೂ ಬೈ."

ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಗೆಳೆಯರಿಬ್ಬರೂ ಎದುರಿಗೆ ನೋಡುತ್ತಾ ಕೂತಿದ್ದರು. ಅವನ ಕಣ್ಣು ಕೆಂಪಾಗಿತ್ತು, ಏಳಬೇಕೆಂದು ಅವನಿಗೂ ಇತ್ತು, ನಾನು ಆಣೆಯಿಟ್ಟು ಹೇಳಬಲ್ಲೆ. ಆದರೆ ಏಳಲಿಲ್ಲ. ನಮ್ಮ ಅಮ್ಮ ಜಾತಿಯವರಿಗೆ ಹೆದರುತ್ತಿದ್ದಳಲ್ಲ, "ಹತ್ತು ಜನ ಎಂತ ಹೇಳುತ್ತಾರೆ" ಎಂದು, ಅದೇ ಹೆದರಿಕೆ. ಇವನ ಹತ್ತು ಜನ ಬೇರೆ, ಅಷ್ಟೇ.

ನಾನು ಮತ್ತೆ ವೇದಿಕೆ ಹತ್ತಿದೆ. ಗಿಂಡಿಗೆ ಕೈ ಹಚ್ಚಲು ಸೋದರಮಾವ ಎನ್ನಿಸಿಕೊಳ್ಳುವ ಬೇರೆ ಗಂಡಸು ನನ್ನ ಕಡೆ ಇರಲಿಲ್ಲ. ನಾನು ಗಂಡ ಸತ್ತವಳು, ನನ್ನ ಕೈ ಅಲ್ಲಿ ಆಗುವುದಿಲ್ಲ ಎಂದು ನನಗೂ ಗೊತ್ತು, ಹಾಲಿನಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು. ಗುರಿಕಾರರಿಗೆ ವಯಸ್ಸಾಗಿದೆ, ಮಲ್ಪೆಯ ಬೋಟುಗಳಲ್ಲಿ ಆಯುಷ್ಯ ಕಳೆದವರು, ದೈವದ ಮಾತು ಮೀರಿದವರಲ್ಲ. ಅವರು ನನ್ನ ಮುಖ ನೋಡಿದರು. ಮಗಳ ಮುಖ ನೋಡಿದರು. ಇನ್ನಂಜೆಯ ಬೀಗಿತ್ತಿಯ ಕಡೆ ತಿರುಗಿದರು. ಆಕೆ ತಲೆ ಅಲ್ಲಾಡಿಸಿದರು, ಆಗಲಿ ಎಂದು.

"ಸಾಕಿದ್ದು ನೀನಲ್ವಾ ತಂಗಿ? ಎರೆ" ಎಂದು ಗುರಿಕಾರರು ಗಿಂಡಿಯನ್ನು ನನ್ನ ಕೈಗೆ ಕೊಟ್ಟರು.

ಗಿಂಡಿಯನ್ನು ಒಮ್ಮೆಲೇ ಬಗ್ಗಿಸಿಬಿಟ್ಟೆ, ಅರ್ಧ ನೀರು ಮಗಳ ಸೀರೆಗೆ ಬಿತ್ತು. ಹಿಂದಿನಿಂದ ಯಾರೋ ಗುಸುಗುಸು ಎಂದರು, ಯಾರೋ ಅವರನ್ನು ಗದರಿಸಿದರು. ಮಗಳು ಅಳುತ್ತಿದ್ದಳು. ನನಗಾಗಿ ಅಳುತ್ತಿದ್ದಾಳೋ, ಅವನಿಗಾಗಿಯೋ ಗೊತ್ತಾಗಲಿಲ್ಲ. ಊಟದ ಹೊತ್ತಿಗೆ ಅಣ್ಣ ಗೆಳೆಯರ ಜೊತೆ ಕೊನೆಯ ಪಂಕ್ತಿಯಲ್ಲಿ ಕೂತು ಉಂಡ. ಫೋಟೋಗೆ ವೇದಿಕೆ ಹತ್ತಲಿಲ್ಲ. ಪುಸ್ತಕದ ಕಟ್ಟನ್ನು ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟು ಹೋಗಿದ್ದ.

ಮರುದಿನ ಮಗಳು ಅಳಿಯ ಬನ್ನಂಜೆಗೆ ಬಂದಿದ್ದರು. ಅಡಿಗೆಮನೆಯಲ್ಲಿ ನಾನು ಬಂಗುಡೆ ಹುರಿಯುತ್ತಿದ್ದೆ, ಮಗಳು ತೆಂಗಿನಕಾಯಿ ತುರಿಯುತ್ತಿದ್ದಳು. ಅಣ್ಣನ ಫೋನ್ ಬಂತು. ಕೈಯೆಲ್ಲ ಮಸಾಲೆ, ಸ್ಪೀಕರಿಗೆ ಹಾಕಿದೆ. ಕ್ಷಮಿಸು ಎನ್ನುತ್ತಾನೇನೋ ಎಂಬ ಹುಚ್ಚು ಆಸೆ ನನಗೆ.

"ನಿನ್ನೆ ನೀನು ಮಾಡಿದ್ದು ಸಣ್ಣ ಕೆಲಸವಲ್ಲ" ಎಂದ, ಉತ್ಸಾಹದಿಂದ, ಕನ್ನಡದಲ್ಲಿ. "ವಿಧವೆಯ ಕೈಯಿಂದ ಧಾರೆ! ನಮ್ಮ ಜಿಲ್ಲೆಯಲ್ಲೇ ಒಂದು ಕ್ರಾಂತಿಕಾರಿ ಹೆಜ್ಜೆ. ಗ್ರೂಪಿನಲ್ಲಿ ಫೋಟೋ ಹಾಕಿದ್ದೇನೆ, ಎಲ್ಲರೂ ಮೆಚ್ಚಿದ್ದಾರೆ. ಮುಂದಿನ ಭಾನುವಾರ ನೀನು ಬಂದು ನಾಲ್ಕು ಮಾತು ಆಡಬೇಕು."

ಎಂಥ ಮನುಷ್ಯ ಇವನು! ಹೋಗಲಿ ಎಂದು ಬಿಡುವಂತೆಯೂ ಇಲ್ಲ, ಬೈದರೆ ನಾಟುವಂತೆಯೂ ಇಲ್ಲ. ಮಗಳು ತುರಿಮಣೆ ಬಿಟ್ಟು ಎದ್ದು ಬಂದಳು, ಫೋನಿನ ಹತ್ತಿರ ಬಗ್ಗಿದಳು.

"ಮಾಮ, ನಾನು ನಿಮ್ಮನ್ನು ಶಾಸ್ತ್ರಕ್ಕೆ ಕರೆದದ್ದಲ್ಲ" ಎಂದಳು. "ಅಪ್ಪ ಇರಲಿಲ್ಲ. ನೀವು ಇದ್ದಿರಿ. ಅದಕ್ಕೆ ಕರೆದದ್ದು."

ಅಷ್ಟು ಹೇಳಿ ಹಿತ್ತಿಲಿಗೆ ಹೋದಳು. ಬಾಣಲೆಯಲ್ಲಿ ಮೀನು ಕರಟುತ್ತಿತ್ತು, ನಾನು ಒಲೆ ಆರಿಸಿದೆ.

"ಅಣ್ಣ, ಅವಳು ಹೇಳಿದ್ದು ಕೇಳಿತಾ?"

"ಕೇಳಿತು" ಎಂದ.

ಇನ್ನೇನಾದರೂ ಹೇಳುತ್ತಾನೆಂದು ಕಾದೆ. ಫೋನ್ ಇಟ್ಟದ್ದು ನಾನೇ.